‘ಬಂದಿಲ್ಲ’ ಎಂಬ ಮಾತಿನ ದಾರಿ

2018ರ ಜೂನ್ 30 ಶನಿವಾರ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಸಾದಾ ಶನಿವಾರ. ಬ್ರಿಟನ್ನಿನಲ್ಲಿ ಒಬ್ಬಳೇ ಮಕ್ಕಳನ್ನು ಸಾಕುತ್ತಿರುವ, ತಿಂಗಳ ಕಡೆಯ ಕೆಲಸದ ದಿನ ಸಂಬಳ ಎಣಿಸುವ ತಾಯಿಯೊಬ್ಬಳನ್ನು ಕಣ್ಣ ಮುಂದೆ ತಂದುಕೊಳ್ಳಿ. ತಿಂಗಳ ಕೊನೆ ಶನಿವಾರಕ್ಕೆ ಬಿದ್ದದ್ದರಿಂದ ಸಂಬಳ ಒಂದು ದಿನ ಮೊದಲೇ, 29ರ ಶುಕ್ರವಾರವೇ ಖಾತೆಗೆ ಬಂತು. ಬೇಗ ಬಂದರೆ ಒಳ್ಳೆಯದೇ ಅಲ್ಲವೇ?

ಅಲ್ಲ. ಸಂಬಳ ಸಾಲದ ಇಂಥ ಮನೆಗಳಿಗೆ ಅಲ್ಲಿನ ಸರ್ಕಾರ ‘ಯೂನಿವರ್ಸಲ್ ಕ್ರೆಡಿಟ್’ ಎಂಬ ನೆರವು ಕೊಡುತ್ತದೆ. ಅದರ ಲೆಕ್ಕದಲ್ಲಿ ತಿಂಗಳು ಶುರುವಾಗುವುದು ಒಂದನೇ ತಾರೀಕಿಗಲ್ಲ, ಅರ್ಜಿ ಹಾಕಿದ ತಾರೀಕಿಗೆ. ಇವಳ ತಿಂಗಳು 30ಕ್ಕೆ ಶುರುವಾಗಿ ಮುಂದಿನ 29ಕ್ಕೆ ಮುಗಿಯುತ್ತಿತ್ತು ಎಂದಿಟ್ಟುಕೊಳ್ಳಿ. ಮೇ 31ರ ಸಂಬಳ, ಜೂನ್ 29ರ ಸಂಬಳ ಎರಡೂ ಒಂದೇ ತಿಂಗಳ ಹೊಟ್ಟೆಗೆ ಬಿದ್ದವು. ಕಂಪ್ಯೂಟರು ಆದಾಯ ಇಮ್ಮಡಿಯಾಯಿತೆಂದು ಓದಿಕೊಂಡು ನೆರವನ್ನು ಕತ್ತರಿಸಿತು. ಜುಲೈ ಸಂಬಳ ಬರುವುದು 31ಕ್ಕೆ. ಹಾಗಾಗಿ ಜೂನ್ 30ರಿಂದ ಜುಲೈ 29ರವರೆಗಿನ ಲೆಕ್ಕದಲ್ಲಿ ಆದಾಯ ಸೊನ್ನೆ. ನೆರವು ಏರಿತು. ಒಂದು ತಿಂಗಳು ಇಳಿದು ಇನ್ನೊಂದು ತಿಂಗಳು ಏರಿದರೆ ಸರಿಹೋಯಿತಲ್ಲ ಎನಿಸುತ್ತದೆ. ಸರಿಹೋಗುವುದಿಲ್ಲ. ಮಕ್ಕಳಿರುವ ದುಡಿಯುವವರ ಸಂಬಳದಲ್ಲಿ ಪ್ರತಿ ತಿಂಗಳೂ ಒಂದಿಷ್ಟು ಮೊತ್ತವನ್ನು ಲೆಕ್ಕಕ್ಕೆ ಹಿಡಿಯದೆ ಬಿಡುತ್ತಾರೆ. ಎರಡು ಸಂಬಳ ಬಂದ ತಿಂಗಳಲ್ಲೂ ಆ ರಿಯಾಯಿತಿ ಒಂದೇ ಸಲ ಸಿಗುತ್ತದೆ. ಸಂಬಳವಿಲ್ಲದ ತಿಂಗಳಲ್ಲಿ ಅದು ಬಳಕೆಯಾಗದೆ ಬಿದ್ದುಹೋಗುತ್ತದೆ. ಕೊನೆಗೆ ಕೂಡಿ ಕಳೆದಾಗ ಅವಳಿಗೆ ನಷ್ಟ. ಅದಕ್ಕಿಂತ ದೊಡ್ಡದು, ಈ ತಿಂಗಳು ಬಾಡಿಗೆ ಕೊಡುವುದು ಹೇಗೆ ಎಂಬ ಪ್ರಶ್ನೆ.

ಅವಳು ತಪ್ಪು ಮಾಡಲಿಲ್ಲ. ಸಂಬಳ ಕೊಟ್ಟವರೂ ತಪ್ಪು ಮಾಡಲಿಲ್ಲ. ಪ್ರೋಗ್ರಾಮು ಕೂಡ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು. ಇಂಥ ಶನಿವಾರಗಳನ್ನು ಹಿಡಿದುಕೊಂಡು ನಾಲ್ವರು ತಾಯಂದಿರು ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಈ ಯಂತ್ರವನ್ನು ಕಟ್ಟಿದ ಬಗೆ ಹೇಳಬೇಕು. ಸರ್ಕಾರದ ಹಣ ಬಡವರ ಕೈಗೆ ತಲುಪಿಸುವ ಸಾಫ್ಟ್‌ವೇರನ್ನು ಹೊಸದಾಗಿ ಕಟ್ಟುವ ಕೆಲಸದಲ್ಲಿ ಇಷ್ಟು ಕಲಿಸುವ ಕಥೆ ನನಗೆ ಬೇರೆ ಗೊತ್ತಿಲ್ಲ.

ಪರದೆಯ ಮೇಲಿನ ಹಸಿರು ಅಕ್ಷರ

ನಾನು ಬೆಂಗಳೂರಿನಲ್ಲಿ ಪಾವತಿ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು. ನಮ್ಮ ಪರದೆಯ ಮೇಲೆ ಹಣ ಹೋದರೆ ಹಸಿರಿನಲ್ಲಿ ‘ಸಕ್ಸಸ್’ ಎಂದು ಬರುತ್ತದೆ, ಹೋಗದಿದ್ದರೆ ಕೆಂಪಿನಲ್ಲಿ ‘ರಿಜೆಕ್ಟ್’. ಬಹಳ ವರ್ಷ ನಾನು ಹಸಿರನ್ನು ನಂಬಿದ್ದೆ. ಆ ನಂಬಿಕೆ ಮುರಿದದ್ದು ಅಪ್ಪ ನಿವೃತ್ತರಾದಾಗ.

ಅಪ್ಪ ಹೈಸ್ಕೂಲು ಮೇಷ್ಟರಾಗಿದ್ದವರು. ಪಿಂಚಣಿ ಆದೇಶ ಬಂತು, ಪಿಂಚಣಿ ಬರಲಿಲ್ಲ. ಒಂದು ಕಚೇರಿಗೆ ಹೋದೆವು. ಅಲ್ಲಿನ ಕಂಪ್ಯೂಟರಿನಲ್ಲಿ ಎಲ್ಲವೂ ಹಸಿರು. ‘ನಮ್ಮ ಕಡೆಯಿಂದ ಹೋಗಿದೆ ಸಾರ್’ ಎಂದರು. ಇನ್ನೊಂದು ಕಚೇರಿಯಲ್ಲಿ ‘ನಮಗೆ ಬಂದೇ ಇಲ್ಲ’ ಎಂದರು. ಇಬ್ಬರೂ ಸುಳ್ಳು ಹೇಳಲಿಲ್ಲ. ಹದಿನಾಲ್ಕು ವಾರಗಳ ಮೇಲೆ ಗುಮಾಸ್ತರೊಬ್ಬರು ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು, ಕನ್ನಡಕ ಹಣೆಗೇರಿಸಿ, ಬೆರಳಿಟ್ಟು ತೋರಿಸಿದರು. ಅಪ್ಪನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದರಲ್ಲಿ ಎರಡು ‘ಇ’ ಹಾಕಿದ್ದರು, ಇನ್ನೊಂದರಲ್ಲಿ ಒಂದೇ ‘ಐ’. ಇನಿಶಿಯಲ್ಲು ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ನಮ್ಮೂರಲ್ಲಿ ಯಾರಿಗೂ ಇದೊಂದು ವ್ಯತ್ಯಾಸವೇ ಅಲ್ಲ. ಯಂತ್ರಕ್ಕೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ಸರಿಮಾಡಲು ಹಿಡಿದದ್ದು ಐದು ನಿಮಿಷ. ಆ ಐದು ನಿಮಿಷದ ಕೆಲಸ ಮಾಡಬಲ್ಲ ಮನುಷ್ಯನ ಹತ್ತಿರ ‘ಬಂದಿಲ್ಲ’ ಎಂಬ ಮಾತು ತಲುಪಲು ಹಿಡಿದದ್ದು ಹದಿನಾಲ್ಕು ವಾರ.

ಅಂದಿನಿಂದ ಯಾವುದೇ ಪಾವತಿ ವ್ಯವಸ್ಥೆಯನ್ನು ನಾನು ಇದೊಂದೇ ಅಳತೆಗೋಲಿನಿಂದ ನೋಡುತ್ತೇನೆ. ಹಣ ಎಷ್ಟು ಬೇಗ ಹೋಗುತ್ತದೆ ಎಂಬುದಲ್ಲ. ‘ಬಂದಿಲ್ಲ’ ಎಂಬ ಮಾತು, ಅದನ್ನು ಸರಿಮಾಡಬಲ್ಲವರ ಕಿವಿಗೆ ಎಷ್ಟು ದಿನದಲ್ಲಿ ಬೀಳುತ್ತದೆ ಎಂಬುದು.

ಹೆಸರು ಅಜೈಲ್, ನಡೆ ಹಳೆಯದು

ಯೂನಿವರ್ಸಲ್ ಕ್ರೆಡಿಟ್ ಯೋಜನೆಯನ್ನು ಬ್ರಿಟನ್ನಿನ ಸಚಿವ ಇಯಾನ್ ಡಂಕನ್ ಸ್ಮಿತ್ 2010ರಲ್ಲಿ ಘೋಷಿಸಿದರು. ನಿರುದ್ಯೋಗಿಗಳಿಗೆ ಒಂದು, ಬಾಡಿಗೆಗೆ ಇನ್ನೊಂದು, ಮಕ್ಕಳಿಗೆ ಮತ್ತೊಂದು ಎಂದು ಹರಡಿಕೊಂಡಿದ್ದ ಆರು ನೆರವುಗಳನ್ನು ಒಂದೇ ಮಾಸಿಕ ಪಾವತಿಯಾಗಿ ಕೂಡಿಸುವುದು ಉದ್ದೇಶ. 2012ರಲ್ಲಿ ಕಾನೂನಾಯಿತು. ಸಂಬಳ ಕೊಟ್ಟಾಗಲೆಲ್ಲ ಮಾಲೀಕರು ತೆರಿಗೆ ಇಲಾಖೆಗೆ ತಿಳಿಸುವ, ಅಲ್ಲಿಂದ ಆ ಅಂಕಿ ನೇರ ನೆರವಿನ ಲೆಕ್ಕಕ್ಕೆ ಇಳಿಯುವ ವ್ಯವಸ್ಥೆಯೂ ಜೊತೆಗೆ ಬಂತು. ಆಲೋಚನೆ ಒಳ್ಳೆಯದೇ. ಸಂಬಳ ಕಡಿಮೆಯಾದ ತಿಂಗಳು ನೆರವು ತಾನಾಗಿ ಏರಬೇಕು, ಯಾರ ಮುಂದೆಯೂ ಕೈ ಚಾಚಬಾರದು.

ಇದನ್ನು ಅಜೈಲ್ ವಿಧಾನದಲ್ಲಿ ಕಟ್ಟುತ್ತೇವೆಂದು ಈ ನೆರವು ಕೊಡುವ ಇಲಾಖೆ ಹೇಳಿತು. ಸಾಫ್ಟ್‌ವೇರ್ ಲೋಕದ ಹೊರಗಿನವರಿಗಾಗಿ ಒಂದು ಮಾತು. ಹಳೆಯ ಕ್ರಮದಲ್ಲಿ ಏನೇನು ಬೇಕೆಂದು ಮೊದಲೇ ಪೂರ್ತಿ ಬರೆದು, ವರ್ಷಗಟ್ಟಲೆ ಕಟ್ಟಿ, ಕೊನೆಯ ದಿನ ಬಾಗಿಲು ತೆರೆಯುತ್ತಾರೆ. ನೀರು ಮೇಲಿನಿಂದ ಕೆಳಗೆ ಒಂದೇ ದಿಕ್ಕಿಗೆ ಬೀಳುವ ಹಾಗೆ ಕೆಲಸ ಸಾಗುವುದರಿಂದ ಅದಕ್ಕೆ ವಾಟರ್‌ಫಾಲ್ ಎಂಬ ಹೆಸರು. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಹದಿನೇಳು ಜನ ಸೇರಿ ಇದಕ್ಕೆ ಬದಲಾಗಿ ಬರೆದ ಪ್ರಣಾಳಿಕೆಯಿಂದ ‘ಅಜೈಲ್’ ಎಂಬ ಮಾತು ಹಬ್ಬಿತು. ಸ್ವಲ್ಪ ಕಟ್ಟು, ಬಳಸುವವರ ಕೈಗೆ ಕೊಡು, ಅವರು ಎಡವಿದ್ದನ್ನು ನೋಡು, ತಿದ್ದು, ಮತ್ತೆ ಸ್ವಲ್ಪ ಕಟ್ಟು. ಬೆಂಗಳೂರಿನ ಯಾವುದೇ ಐಟಿ ಕಟ್ಟಡದಲ್ಲಿ ಬೆಳಗ್ಗೆ ಹತ್ತಕ್ಕೆ ನಿಂತುಕೊಂಡೇ ನಡೆಸುವ ಸ್ಟ್ಯಾಂಡ್-ಅಪ್, ಎರಡು ವಾರದ ಸ್ಪ್ರಿಂಟು, ಕೊನೆಗೊಂದು ಡೆಮೊ ಎಲ್ಲವೂ ಅದರ ಬಾಲಗಳು. ಅದರ ಜೀವ ಇರುವುದು ‘ಅವರು ಎಡವಿದ್ದನ್ನು ನೋಡು’ ಎಂಬಲ್ಲಿ. ಅದೊಂದನ್ನು ಬಿಟ್ಟು ಉಳಿದುದನ್ನೆಲ್ಲ ಮಾಡಿದರೆ ಅದು ಅಜೈಲ್ ಅಲ್ಲ.

ಬ್ರಿಟನ್ನಿನಲ್ಲಿ ಮೊದಲು ಆದದ್ದು ಹೀಗೆಯೇ. ದೊಡ್ಡ ಕಂಪನಿಗಳಿಗೆ ಹಳೆಯ ನಮೂನೆಯ ದೊಡ್ಡ ಗುತ್ತಿಗೆಗಳು. 2017ಕ್ಕೆ ಮುಗಿಯಲೇಬೇಕೆಂಬ ಗಡುವು. ಆರೂ ನೆರವುಗಳು ಒಂದಾಗಲೇಬೇಕೆಂಬ ಹಟ. 2013ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಬಳಿಯ ಆಷ್ಟನ್-ಅಂಡರ್-ಲೈನ್‌ನಲ್ಲಿ ಬಾಗಿಲು ತೆರೆದಾಗ ಒಳಗೆ ಬಿಟ್ಟುಕೊಂಡದ್ದು ಒಂಟಿ, ಮಕ್ಕಳಿಲ್ಲದ, ಕೆಲಸವಿಲ್ಲದ ಸರಳ ಅರ್ಜಿದಾರರನ್ನು ಮಾತ್ರ. ಕಷ್ಟದ ಲೆಕ್ಕವಿರುವ ಮನೆಗಳು ಹೊರಗೇ ಉಳಿದವು. ಸಣ್ಣದರಿಂದ ಶುರುಮಾಡುವುದು ಬೇರೆ, ಸುಲಭವಾದದ್ದನ್ನು ಮಾತ್ರ ಆರಿಸಿಕೊಳ್ಳುವುದು ಬೇರೆ. ನಮ್ಮ ವೃತ್ತಿಯಲ್ಲಿ ಈ ಎರಡನ್ನೂ ಒಂದೇ ಎಂದುಕೊಳ್ಳುವವರು ತುಂಬ ಜನ, ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ವರದಿ ಬಂತು. 34 ಮಿಲಿಯನ್ ಪೌಂಡಿನ ಸಾಫ್ಟ್‌ವೇರನ್ನು ಆಗಲೇ ಕೈಬಿಟ್ಟಾಗಿತ್ತು. ಆದರೆ ಆ ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಹಣದ ಅಂಕಿಯಲ್ಲ. ಯೋಜನೆಯ ಸುತ್ತ ಕೋಟೆಯ ಮನೋಭಾವ ಬೆಳೆದಿತ್ತು, ಮೇಲಿನವರಿಗೆ ಒಳ್ಳೆಯ ಸುದ್ದಿಯನ್ನಷ್ಟೇ ಹೇಳುವ ಸಂಸ್ಕೃತಿ ಇತ್ತು ಎಂಬ ಮಾತು. ಕೆಳಗಿನಿಂದ ‘ಆಗುತ್ತಿಲ್ಲ’ ಎಂದದ್ದು ಮೇಲೇರುವಷ್ಟರಲ್ಲಿ ‘ಆಗುತ್ತಿದೆ’ ಎಂದಾಗಿಬಿಡುತ್ತಿತ್ತು. ಅಪ್ಪನ ಹದಿನಾಲ್ಕು ವಾರ ನೆನಪಾಯಿತು.

ಸಟನ್‌ನ ನೂರು ಮನೆಗಳು

2013ರಲ್ಲೇ ಕೆಲಸವನ್ನು ನಿಲ್ಲಿಸಿ ಮತ್ತೆ ಶುರುಮಾಡಿದರು. 2011ರಲ್ಲಿ ಹುಟ್ಟಿದ ಸರ್ಕಾರದ ಡಿಜಿಟಲ್ ಸೇವಾ ತಂಡದವರು ನೆರವಿಗೆ ಬಂದರು. ಆಮೇಲೆ ಇಲಾಖೆ ತನ್ನದೇ ತಂಡ ಕಟ್ಟಿಕೊಂಡಿತು. ಹಳೆಯದನ್ನು ಒಂದು ಕಡೆ ಓಡಲು ಬಿಟ್ಟು, ಪಕ್ಕದಲ್ಲಿ ಹೊಸದನ್ನು ಬುಡದಿಂದ ಕಟ್ಟತೊಡಗಿದರು. 2014ರ ನವೆಂಬರ್‌ನಲ್ಲಿ ದಕ್ಷಿಣ ಲಂಡನ್ನಿನ ಸಟನ್‌ನಲ್ಲಿ ಒಂದು ಸಣ್ಣ ಪ್ರದೇಶ, ಸುಮಾರು ನೂರು ಮನೆಗಳು. ಈ ಸಲ ಮಕ್ಕಳಿರುವವರು, ಜೋಡಿಗಳು, ಬಾಡಿಗೆ ಮನೆಯವರು ಎಲ್ಲರೂ ಒಳಗೆ.

ನೂರು ಎಂಬ ಸಂಖ್ಯೆಯ ಅರ್ಥ ನಮ್ಮಂಥವರಿಗೆ ಚೆನ್ನಾಗಿ ಗೊತ್ತು. ನೂರು ಮನೆಗಳಲ್ಲಿ ಒಂದಕ್ಕೆ ದುಡ್ಡು ತಪ್ಪಾಗಿ ಹೋದರೆ ಅದು ಪಟ್ಟಿಯೊಳಗಿನ ಶೇಕಡಾ ಒಂದು ಅಲ್ಲ, ಮುಖ ಗೊತ್ತಿರುವ ಒಂದು ಮನೆ. ಅಧಿಕಾರಿ ಕೈಯಿಂದಲೇ ಲೆಕ್ಕ ಹಾಕಿ ಅವತ್ತೇ ಹಣ ಕೊಡಬಹುದು, ಪ್ರೋಗ್ರಾಮರ್ ಆ ವಾರವೇ ಕಾರಣ ಹುಡುಕಬಹುದು. ಲಕ್ಷ ಮನೆಗಳಾದರೆ ಎರಡೂ ಆಗದು. ಅಲ್ಲಿಂದ ಪಕ್ಕದ ಬಡಾವಣೆಗಳಿಗೆ, ಊರುಗಳಿಗೆ ನಿಧಾನವಾಗಿ ಹರಡಿ, ದೇಶದ ಎಲ್ಲ ಉದ್ಯೋಗ ಕೇಂದ್ರಗಳಿಗೂ ಹೊಸ ವ್ಯವಸ್ಥೆ ತಲುಪಿದ್ದು 2018ರ ಡಿಸೆಂಬರ್‌ಗೆ. 2017ರ ಗಡುವು ದಾಟಿಹೋಗಿತ್ತು. ಹಳೆಯ ನೆರವುಗಳಲ್ಲಿದ್ದವರನ್ನು ಹೊಸದಕ್ಕೆ ದಾಟಿಸುವ ಕೆಲಸ ಅದಾದ ಮೇಲೂ ಎಷ್ಟೋ ವರ್ಷ ನಡೆಯಿತು. ತಡವಾಯಿತೆಂದು ಬೈದವರು ಬಹಳ. ನಾನು ಬೈಯುವುದಿಲ್ಲ. ಅದೇ ಹೊತ್ತಿನಲ್ಲಿ ಅವಸರಪಟ್ಟ ಇನ್ನೊಂದು ದೇಶದ ಗತಿ ಏನಾಯಿತೆಂದು ನೋಡಿ.

ಕೆನಡಾ ಸರ್ಕಾರ ತನ್ನ ನೌಕರರ ನಲವತ್ತು ವರ್ಷ ಹಳೆಯ ಸಂಬಳ ವ್ಯವಸ್ಥೆಯನ್ನು ತೆಗೆದು ‘ಫೀನಿಕ್ಸ್’ ಎಂಬುದನ್ನು 2016ರ ಫೆಬ್ರುವರಿಯಲ್ಲಿ ಶುರುಮಾಡಿತು. ಇಲಾಖೆಗಳಲ್ಲಿ ಚದುರಿದ್ದ ಸುಮಾರು 1,200 ಸಂಬಳ ಗುಮಾಸ್ತರ ಹುದ್ದೆಗಳನ್ನು ತೆಗೆದು, ಮಿರಮಿಶಿ ಎಂಬ ಸಣ್ಣ ಪಟ್ಟಣದ ಒಂದೇ ಕೇಂದ್ರಕ್ಕೆ ಅದಕ್ಕಿಂತ ತುಂಬ ಕಡಿಮೆ ಜನರನ್ನು ತಂದರು. ಇದರಿಂದ ವರ್ಷಕ್ಕೆ 7 ಕೋಟಿ ಡಾಲರ್ ಉಳಿತಾಯದ ನಿರೀಕ್ಷೆಯಿತ್ತು. ಖರ್ಚು ಮಿತಿಯೊಳಗೆ ಇರಲೆಂದು ಬೇಕಾದ ಸೌಲಭ್ಯಗಳಲ್ಲಿ ನೂರಕ್ಕೂ ಹೆಚ್ಚನ್ನು ಕೈಬಿಟ್ಟರು ಅಥವಾ ಮುಂದೂಡಿದರು. ಒಂದು ಇಲಾಖೆಯಲ್ಲಿ ಮೊದಲು ಪ್ರಯೋಗ ಮಾಡಿ ನೋಡುವ ಯೋಜನೆಯಿತ್ತು, ಅದನ್ನೂ ರದ್ದುಮಾಡಿದರು. ಸಟನ್‌ನ ನೂರು ಮನೆಗಳಂಥ ಹೆಜ್ಜೆಯನ್ನೇ ಬಿಟ್ಟರು. ಏಪ್ರಿಲ್ ಹೊತ್ತಿಗೆ ಎಲ್ಲರನ್ನೂ ಹೊಸದಕ್ಕೆ ದಾಟಿಸಿಯಾಗಿತ್ತು. ಕೆಲವರಿಗೆ ಸಂಬಳವೇ ಇಲ್ಲ, ಕೆಲವರಿಗೆ ಅರ್ಧ, ಕೆಲವರಿಗೆ ಬರಬೇಕಾದ್ದಕ್ಕಿಂತ ಹೆಚ್ಚು. ಆ ಹೆಚ್ಚು ಬಂದ ಹಣವನ್ನು ಹಿಂದಿರುಗಿಸುವ ತಲೆನೋವು ಬೇರೆ. 2018ರಲ್ಲಿ ಮಹಾಲೇಖಪಾಲ ಮೈಕೆಲ್ ಫರ್ಗುಸನ್ ಇದು ಬುದ್ಧಿಗೆ ನಿಲುಕದ ವೈಫಲ್ಯವೆಂದು ಬರೆದರು. ಉಳಿತಾಯಕ್ಕೆಂದು ಮಾಡಿದ್ದನ್ನು ಸರಿಪಡಿಸಲು ಶತಕೋಟಿ ಡಾಲರುಗಳು ಹೋದವು.

ಸಂಬಳದ ಗುಮಾಸ್ತರೆಂದರೆ ಯಾರು? ರಜೆ ಹಾಕಿದ್ದು, ಬಡ್ತಿ ಬಂದದ್ದು, ಒಂದು ವಾರ ಬೇರೆಯವರ ಜಾಗದಲ್ಲಿ ದುಡಿದದ್ದು ಎಲ್ಲ ಗೊತ್ತಿರುವವರು. ನೌಕರ ಬಂದು ‘ಬಂದಿಲ್ಲ’ ಎಂದರೆ ಯಾವ ಕಾಗದ ತೆಗೆದು ನೋಡಬೇಕೆಂದು ಗೊತ್ತಿರುವವರು. ಹೊಸ ಯಂತ್ರ ನಿಲ್ಲುವ ಮೊದಲೇ ಅವರನ್ನು ಕಳಿಸಿದ್ದು ಕೆನಡಾದ ತಪ್ಪುಗಳಲ್ಲೆಲ್ಲ ದೊಡ್ಡದು ಎಂದು ನನ್ನ ಎಣಿಕೆ. ಅಪ್ಪನ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟ ಗುಮಾಸ್ತರು ಅಲ್ಲಿ ಇಲ್ಲದಿದ್ದರೆ ನಾವು ಯಾರ ಹತ್ತಿರ ಹೋಗಬೇಕಿತ್ತು?

2020ರ ಮಾರ್ಚ್

ಬ್ರಿಟನ್ನಿನ ಹೊಸ ವ್ಯವಸ್ಥೆಗೆ ಪರೀಕ್ಷೆ ಬಂದದ್ದು ಕೋವಿಡ್ ದಿನಗಳಲ್ಲಿ. ಮಾರ್ಚ್ 16ರಿಂದ ಆ ತಿಂಗಳ ಕೊನೆಯವರೆಗೆ ಸುಮಾರು 9.5 ಲಕ್ಷ ಹೊಸ ಅರ್ಜಿಗಳು. ಸಾಮಾನ್ಯ ದಿನಗಳಲ್ಲಿ ಎರಡು ವಾರಕ್ಕೆ ಬರುತ್ತಿದ್ದದ್ದು ಲಕ್ಷದ ಆಸುಪಾಸು. ಗುರುತು ಪರಿಶೀಲನೆಗೆ ಆನ್‌ಲೈನಿನಲ್ಲೇ ಉದ್ದನೆಯ ಸಾಲು ನಿಂತಿತು, ಫೋನುಗಳು ಸಿಗಲಿಲ್ಲ. ಆದರೂ ಒಳಗಿನ ಯಂತ್ರ ಬೀಳಲಿಲ್ಲ. ತಂಡದವರು ದಿನದಿನವೂ ನಿಯಮ ಬದಲಿಸಿ ಪರದೆ ಬದಲಿಸಿದರು. ‘ನೀವು ಕರೆ ಮಾಡಬೇಡಿ, ಬೇಕಾದರೆ ನಾವೇ ಮಾಡುತ್ತೇವೆ’ ಎಂದು ಅರ್ಜಿದಾರರಿಗೆ ತಿಳಿಸಿದರು. ಬಹುಪಾಲು ಜನರಿಗೆ ಮೊದಲ ಕಂತು ಗಡುವಿನೊಳಗೇ ಸಿಕ್ಕಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಫಿಲ್ ಮರ್ಫಿ, 1959ರಲ್ಲಿ ಹುಟ್ಟಿದ ಕೋಬಾಲ್ ಭಾಷೆ ಬಲ್ಲವರು ಇದ್ದರೆ ಸ್ವಯಂಸೇವಕರಾಗಿ ಬನ್ನಿ ಎಂದು ಕೋರುತ್ತಿದ್ದರು; ಅವರ ನಿರುದ್ಯೋಗ ಭತ್ಯೆಯ ಯಂತ್ರ ನಡೆಯುತ್ತಿದ್ದದ್ದು ಆ ಭಾಷೆಯಲ್ಲಿ.

ಬ್ರಿಟನ್ನಿನ ಒಳಗೇ ಹಳತು ಹೊಸತುಗಳ ಅಂತರ ಎದ್ದು ಕಂಡಿತು. ವಾರಕ್ಕೆ 20 ಪೌಂಡ್ ಹೆಚ್ಚು ಕೊಡಲು ತೀರ್ಮಾನಿಸಿದಾಗ ಯೂನಿವರ್ಸಲ್ ಕ್ರೆಡಿಟ್‌ನವರಿಗೆ ಅದು ಕೆಲವೇ ವಾರಗಳಲ್ಲಿ ಸಿಕ್ಕಿತು. ಹಳೆಯ ನೆರವುಗಳಲ್ಲೇ ಉಳಿದಿದ್ದ ಅಂಗವಿಕಲರಿಗೆ, ಕಾಯಿಲೆಯವರಿಗೆ ಸಿಗಲಿಲ್ಲ. ಆ ಹಳೆಯ ಕಂಪ್ಯೂಟರುಗಳನ್ನು ಬದಲಿಸಲು ತಿಂಗಳುಗಳು ಬೇಕೆಂಬುದು ಸಚಿವರು ಕೊಟ್ಟ ಕಾರಣಗಳಲ್ಲಿ ಒಂದು. ಎರಡು ವರ್ಷಗಳ ಮೇಲೆ, 2022ರಲ್ಲಿ ಬೆಲೆಗಳು ಏರಿದಾಗ, ಆಗಿನ ಹಣಕಾಸು ಸಚಿವ, ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್ ಕೂಡ ಅದನ್ನೇ ಹೇಳಿದರು: ನೆರವನ್ನು ವರ್ಷದ ನಡುವೆ ಏರಿಸಲು ಆ ವ್ಯವಸ್ಥೆಗಳು ಬಿಡುವುದಿಲ್ಲ. ಒಂದು ದೇಶದ ಕರುಣೆಗೆ ಮಿತಿ ಹಾಕುವ ಅಧಿಕಾರ ಮೂವತ್ತು ನಲವತ್ತು ವರ್ಷ ಹಿಂದೆ ಬರೆದ ಪ್ರೋಗ್ರಾಮಿಗೆ ಸಿಕ್ಕಿಬಿಟ್ಟಿದೆ ಎಂದರೆ, ಸರ್ಕಾರಿ ಸಾಫ್ಟ್‌ವೇರ್ ನವೀಕರಣ ಬರೀ ತಂತ್ರಜ್ಞರ ಪಾಡು ಎನ್ನಲು ನನಗೆ ಮನಸ್ಸು ಬಾರದು.

ಆ ನಾಲ್ವರು ತಾಯಂದಿರು

ಇಷ್ಟು ಚುರುಕಾದ ಯಂತ್ರ ಒಂದು ಶನಿವಾರವನ್ನು ಸರಿಮಾಡಲಾರದೆ ಹೋಯಿತು.

ಎರಡು ಸಂಬಳ ಒಂದೇ ಅವಧಿಗೆ ಬೀಳುವ ತೊಂದರೆಯನ್ನು ಅರ್ಜಿದಾರರು ಹೇಳಿದರು, ಅವರ ಪರ ನಿಂತ ಸಂಘಟನೆಗಳು ಹೇಳಿದವು. ಪ್ರೋಗ್ರಾಮನ್ನು ಹಾಗೆ ಬದಲಿಸುವುದು ಕಷ್ಟ, ಖರ್ಚಿನದ್ದು ಎಂದು ಇಲಾಖೆ ವಾದಿಸಿತು. 2019ರ ಜನವರಿಯಲ್ಲಿ ಹೈಕೋರ್ಟು ತಾಯಂದಿರ ಪರ ತೀರ್ಪು ಕೊಟ್ಟಿತು. ಇಲಾಖೆ ಮೇಲ್ಮನವಿಗೆ ಹೋಯಿತು. 2020ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ, ಇದಕ್ಕೊಂದು ಪರಿಹಾರ ಮಾಡದೆ ಬಿಟ್ಟದ್ದು ವಿವೇಕವುಳ್ಳ ಯಾರೂ ಒಪ್ಪಲಾಗದ್ದು ಎಂಬ ನಿಲುವಿಗೆ ಬಂತು. ಒಂದೇ ಅವಧಿಗೆ ಬಿದ್ದ ಎರಡು ಮಾಸಿಕ ಸಂಬಳಗಳಲ್ಲಿ ಒಂದನ್ನು ಇನ್ನೊಂದು ಅವಧಿಗೆ ಸರಿಸಬಹುದೆಂಬ ನಿಯಮ ಜಾರಿಗೆ ಬಂದದ್ದು ಆ ವರ್ಷದ ನವೆಂಬರ್‌ನಲ್ಲಿ. ನಾಲ್ಕು ವಾರಕ್ಕೊಮ್ಮೆ ಸಂಬಳ ಪಡೆಯುವವರಿಗೆ ವರ್ಷಕ್ಕೆ ಹದಿಮೂರು ಸಂಬಳ, ಹನ್ನೆರಡು ಅವಧಿ. ಅವರ ತೊಡಕು ಈ ನಿಯಮದಿಂದ ಬಗೆಹರಿಯಲಿಲ್ಲ.

ಅರ್ಜಿಯ ಪರದೆಯಲ್ಲಿ ಯಾವ ಗುಂಡಿ ಎಲ್ಲಿರಬೇಕೆಂದು ಕೇಳಿದ ತಂಡ, ‘ತಿಂಗಳು’ ಎಂದರೆ ಏನು ಎಂದು ಕೇಳಲಿಲ್ಲ. ಕೇಳಿದ್ದರೂ ಬದಲಿಸುವ ಅಧಿಕಾರ ಅವರಿಗಿರಲಿಲ್ಲ. ಆ ಪದ ಇದ್ದದ್ದು ನಿಯಮಾವಳಿಯಲ್ಲಿ, ಕೋಡಿನಲ್ಲಲ್ಲ. ನನ್ನ ಸಹೋದ್ಯೋಗಿಗಳೊಡನೆ ನಾನು ಜಗಳವಾಡುವುದು ಇದೇ ವಿಷಯಕ್ಕೆ. ಎರಡು ವಾರಕ್ಕೊಮ್ಮೆ ಕೋಡು ಬದಲಿಸಿ, ನಿಯಮ ಬರೆದವರನ್ನು ಆ ಕೋಣೆಗೆ ಕರೆಯದಿದ್ದರೆ, ಬಳಸುವವರು ಎಡವಿದ್ದನ್ನು ನೋಡಿದರೂ ನಾವು ಮಾಡಬಹುದಾದ್ದು ಅಷ್ಟಕ್ಕಷ್ಟೆ. ಒಂದು ಕೋಣೆಯಲ್ಲಿ ದಿನಗಳಲ್ಲಿ ಮುಗಿಯಬಹುದಾದ ಮಾತು ಎರಡು ನ್ಯಾಯಾಲಯಗಳನ್ನು ಸುತ್ತಿ ವರ್ಷಗಳ ಮೇಲೆ ಮುಗಿಯಿತು.

ಮೂರನೆಯ ಪಾಸ್‌ಬುಕ್ಕು

ಸರ್ಕಾರದ ಹಣವನ್ನು ಕಂಪ್ಯೂಟರಿನ ಮೂಲಕ ಕಳಿಸುವ ದಾರಿ ನಮ್ಮಲ್ಲೂ ಹೊಸದೇನಲ್ಲ. 2000ದ ದಶಕದ ಆರಂಭದಲ್ಲೇ ಕರ್ನಾಟಕದ ಜಿಲ್ಲಾ, ತಾಲ್ಲೂಕು ಖಜಾನೆಗಳನ್ನು ‘ಖಜಾನೆ’ ಯೋಜನೆ ಒಂದೇ ಜಾಲಕ್ಕೆ ತಂದಿತ್ತು, ಈಗ ಖಜಾನೆ-2. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿಯಲ್ಲಿ ಒಂದು ಕೋಟಿಗೂ ಹೆಚ್ಚು ಮನೆಯೊಡತಿಯರಿಗೆ ತಿಂಗಳಿಗೆ 2,000 ರೂಪಾಯಿ ನೇರ ಖಾತೆಗೆ. ಇಷ್ಟು ಜನಕ್ಕೆ ನಡುವೆ ಯಾರ ಕೈಯೂ ಇಲ್ಲದೆ ದುಡ್ಡು ಮುಟ್ಟಿಸುವುದು ಸಣ್ಣ ಕೆಲಸವಲ್ಲ, ಅದನ್ನು ಮಾಡುವವರ ಬಗ್ಗೆ ನನಗೆ ಗೌರವವಿದೆ.

ನಮ್ಮ ಬೀದಿಯಲ್ಲಿ ಹೂ ಕಟ್ಟುವ ಒಬ್ಬರಿದ್ದಾರೆ. ಆರು ತಿಂಗಳಿಂದ ಗೃಹಲಕ್ಷ್ಮಿ ದುಡ್ಡು ಬಂದಿಲ್ಲ ಎಂದು ಹೇಳುತ್ತಿದ್ದರು. ಕೇಳಿದ ಕಡೆಯೆಲ್ಲ ‘ಹೋಗಿದೆಯಮ್ಮ’ ಎಂಬ ಉತ್ತರ. ಒಂದು ಭಾನುವಾರ ಅವರ ಮನೆಗೆ ಹೋಗಿ ಪಾಸ್‌ಬುಕ್ಕು ಕೇಳಿದೆ. ಅಕ್ಕಿ ಡಬ್ಬದ ಹಿಂದಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದರು. ಅದರಲ್ಲಿ ಒಂದಲ್ಲ, ಮೂರು ಪಾಸ್‌ಬುಕ್ಕು. ಒಂದು ಊರಿನದು. ಒಂದು ಸ್ತ್ರೀಶಕ್ತಿ ಸಂಘದ ಸಾಲಕ್ಕೆ ತೆರೆದದ್ದು. ಇನ್ನೊಂದು, ಯಾರೋ ಶಿಬಿರ ಹಾಕಿ ಆಧಾರ್ ತೆಗೆದುಕೊಂಡು ಹೆಬ್ಬೆಟ್ಟು ಒತ್ತಿಸಿ ತೆರೆದುಕೊಟ್ಟದ್ದು. ಅದರ ಹಾಳೆಗಳ ಮೇಲೆ ಒಂದು ಅಕ್ಷರವೂ ಬಿದ್ದಿರಲಿಲ್ಲ. ಆಧಾರ್ ಮೂಲಕ ಹೋಗುವ ಹಣ, ಕೊನೆಯದಾಗಿ ಯಾವ ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಮರುದಿನ ಅವರೊಡನೆ ಬ್ಯಾಂಕಿಗೆ ಹೋದೆ. ಪಾಸ್‌ಬುಕ್ಕನ್ನು ಯಂತ್ರದ ಬಾಯಿಗೆ ಇಟ್ಟೆವು. ಕಿರ್ರೆಂದು ಒಳಗೆಳೆದುಕೊಂಡು, ಹೊರಗೆ ತಳ್ಳಿತು. ಆರು ಸಾಲು. ಆರರಲ್ಲೂ 2,000. ಅವರು ಬೆರಳಿನಿಂದ ಒಂದೊಂದೇ ಸಾಲು ಮುಟ್ಟಿ ಎಣಿಸಿದರು, ಇನ್ನೊಮ್ಮೆ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿ, ‘ಮಗಳ ಫೀಸಿಗೆ ಮೊನ್ನೆ ಬಡ್ಡಿಗೆ ತಂದ್ನಲ್ಲಪ್ಪ’ ಎಂದರು.